ಅದಿರಿಗಿಂತ ಮೊದಲು ಗಾಳಿ, ನೀರಿನ ಲೆಕ್ಕ

ತೀರ್ಥಹಳ್ಳಿಯ ನಮ್ಮ ತೋಟದ ಬಾವಿಯ ಹೂಳೆತ್ತುವಾಗ ಕೆಲಸದವರು ಮೊದಲು ಉರಿಯುವ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು; ದೀಪ ನಂದಿದರೆ ಆ ದಿನ ಯಾರೂ ಇಳಿಯುತ್ತಿರಲಿಲ್ಲ. ಮುಂದೆ ಗಣಿ ಎಂಜಿನಿಯರ್ ಆಗಿ ದುಡಿದಾಗ, ಯುರೇನಿಯಂ ಗಣಿಯ ಮಟ್ಟಿಗೆ ಈ ಪರೀಕ್ಷೆ ನಿರುಪಯೋಗಿ ಎಂಬುದು ತಿಳಿಯಿತು. ಅಲ್ಲಿ ಬಂಡೆಯಿಂದ ಹೊರಬರುವ, ವಿಕಿರಣ ಸೂಸುವ ರೇಡಾನ್ ಅನಿಲ ದೀಪವನ್ನು ಆರಿಸುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ.

ರೇಡಾನ್‌ನ ಅರ್ಧಾಯುಷ್ಯ, ಎಂದರೆ ಅದರ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, 3.8 ದಿನ. ಅದು ಕ್ಷಯಿಸಿದಾಗ ಹುಟ್ಟುವ ಕಣಗಳು ಧೂಳಿಗೆ ಅಂಟಿಕೊಂಡು ಶ್ವಾಸಕೋಶ ಸೇರುತ್ತವೆ. ಹೀಗಾಗಿ ಕೆಲಸವಿಲ್ಲದ ದಿನವೂ ಫ್ಯಾನುಗಳು ತಿರುಗುತ್ತಿರಬೇಕು. ಕರೆಂಟು ಹೋಗಿ ಅವು ನಿಂತರೆ, ಮತ್ತೆ ಗಾಳಿಯಾಡಿಸಿ ಅಳತೆ ಮಾಡಿದ ಮೇಲಷ್ಟೇ ಕಾರ್ಮಿಕರನ್ನು ಇಳಿಸುತ್ತೇವೆ. ಬಂಡೆಯ ಒರತೆಯೂ ರೇಡಾನನ್ನು ಕರಗಿಸಿಕೊಂಡು ಬಂದು ಸುರಂಗದ ಗಾಳಿಗೆ ಬಿಡುವುದರಿಂದ, ಅದನ್ನು ತೆರೆದ ಚರಂಡಿಯಲ್ಲಿ ಹರಿಯಗೊಡದೆ ಪೈಪಿನಲ್ಲೇ ಸಂಪಿಗೆ ಒಯ್ಯುವುದು ಒಳ್ಳೆಯದು.

ಸಂಪಿನಿಂದ ಮೇಲೆತ್ತುವ ಖರ್ಚು ಪಂಪ್‌ಸೆಟ್ ಇಟ್ಟುಕೊಂಡ ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ: ಸಾವಿರ ಲೀಟರ್ ನೀರನ್ನು 600 ಮೀಟರ್ ಎತ್ತಲು, ಪಂಪಿನ ನಷ್ಟವೂ ಸೇರಿ, ಎರಡು ಯೂನಿಟ್‌ಗಿಂತ ಹೆಚ್ಚು ವಿದ್ಯುತ್ ಬೇಕು, ಅದೂ ಹಗಲು ರಾತ್ರಿ ಬಿಡುವಿಲ್ಲದೆ. ಕೆನಡಾದ ಸಿಗಾರ್ ಲೇಕ್ ಗಣಿ ಇನ್ನೂ ಕಟ್ಟುತ್ತಿರುವಾಗಲೇ 2006ರ ಅಕ್ಟೋಬರಿನಲ್ಲಿ ನೀರು ನುಗ್ಗಿ ಮುಳುಗಿತು. ಅದಿರು ತೆಗೆಯಲು ಆರಂಭಿಸಿದ್ದು 2014ರಲ್ಲಿ. ಅಲ್ಲಿ ತಣ್ಣಗಿನ ಉಪ್ಪುನೀರನ್ನು ಕೊಳವೆಗಳಲ್ಲಿ ಹರಿಸಿ ನೆಲವನ್ನೇ ಹೆಪ್ಪುಗಟ್ಟಿಸಿ ಅದಿರು ತೆಗೆಯುತ್ತಾರೆ. ಅದಿರಿನಲ್ಲಿ ಯುರೇನಿಯಂ ಶೇ. 10ಕ್ಕೂ ಮಿಕ್ಕಿ ಇರುವುದರಿಂದ ಅಂಥ ದುಬಾರಿ ಸಾಹಸ ಅವರಿಗೆ ಗಿಟ್ಟುತ್ತದೆ.

ನಮ್ಮ ಸ್ಥಿತಿ ಬೇರೆ. 1967ರಲ್ಲಿ ಕೇಂದ್ರ ಸರ್ಕಾರದ ಕಂಪನಿಯಾದ ಯುರೇನಿಯಂ ಕಾರ್ಪೊರೇಷನ್ ಸ್ಥಾಪನೆಯಾಗಿ ವಹಿಸಿಕೊಂಡ, ಈಗ ಜಾರ್ಖಂಡಿನಲ್ಲಿರುವ ಜಾದೂಗುಡ ಗಣಿ ಸುಮಾರು 900 ಮೀಟರ್ ಆಳಕ್ಕಿಳಿದಿದ್ದರೂ, ಅಲ್ಲಿನ ಒಂದು ಟನ್ ಅದಿರಿನಲ್ಲಿ ಒಂದು ಕಿಲೋ ಯುರೇನಿಯಂ ಕೂಡ ಇಲ್ಲ. ಉಳಿದದ್ದು ಪುಡಿಯಾಗಿ, ಕೆಸರಾಗಿ ಹೊರಬೀಳುತ್ತದೆ. ಅದರ ದಪ್ಪ ಭಾಗವನ್ನು ಗಣಿಯ ಖಾಲಿ ಜಾಗ ತುಂಬಿಸಲು ಬಳಸಬಹುದು. ನುಣ್ಣನೆಯ ಕೆಸರು ಕೊಳ ಸೇರುತ್ತದೆ. ಅದರಲ್ಲಿರುವ, ರೇಡಾನ್ ಹುಟ್ಟಿಸುವ ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷವಾದ್ದರಿಂದ, ಗಣಿ ಮುಚ್ಚಿದ ಮೇಲೂ ಕೊಳದ ಕಾವಲು ಖರ್ಚು ನಿಲ್ಲುವುದಿಲ್ಲ. ಯೋಜನಾ ವರದಿಯಲ್ಲಿ ತೀರಾ ಕಡಿಮೆ ಬರೆಯುವ ಮೊತ್ತವೂ, ನನ್ನ ಅನುಭವದಲ್ಲಿ, ಇದೇ.

ನಮ್ಮ ಊರಿನ ಕಡೆಯೂ ಯುರೇನಿಯಂ ಸಿಕ್ಕರೆ ಏನಾದೀತು ಎಂದು ನೆಂಟರು ಕೇಳುವುದುಂಟು. ಆಗುಂಬೆಯಂತೆ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ ಯಾರಾದರೂ ಅಂಥ ನಕ್ಷೆ ತಂದು ಹರಡಿದರೆ, ನಾನು ಮೊದಲು ಕೆಸರು ಕೊಳದ ಕೋಡಿ ಯಾವ ಹಳ್ಳಕ್ಕೆ ಬೀಳುತ್ತದೆ ಎಂದು ಹುಡುಕುತ್ತೇನೆ.