ಪದ ಪರಿಚಯ: ‘ಪಟ್ಟು’ ಮತ್ತು ‘ಗಿಂತ’

‘ಮೊದಲಿಗಿಂತ ಮೂರು ಪಟ್ಟು ಕಡಿಮೆ’ ಎಂಬ ಮಾತು ಸುದ್ದಿಯಲ್ಲೂ ಇದೆ, ಗಣಿತದ ಪ್ರಶ್ನೆಗಳಲ್ಲೂ ಇದೆ. ಸುದ್ದಿಯಲ್ಲಾದರೆ ಓದಿ ಮುಂದೆ ಹೋಗಬಹುದು. ಮಕ್ಕಳು ಲೆಕ್ಕ ಬಿಡಿಸಿ ಉತ್ತರ ಬರೆಯಬೇಕಾದ ಕಡೆ ಸುಮ್ಮನಿರಲಾಗದು. ಮೊದಲು 60 ಇತ್ತು ಎನ್ನಿ. 60ರ ಒಂದು ಪಟ್ಟು 60. ಒಂದು ಪಟ್ಟು ಕಳೆದರೇ ಸೊನ್ನೆ ಉಳಿಯುತ್ತದೆ. ಇನ್ನು ಮೂರು ಪಟ್ಟನ್ನು ಎಲ್ಲಿಂದ ಕಳೆಯುವುದು? ಬರೆದವರ ಮನಸ್ಸಿನಲ್ಲಿದ್ದುದು 20, ಅಂದರೆ ಮೂರನೇ ಒಂದು ಭಾಗ. ಹಾಗೆಂದೇ ಬರೆಯಬಹುದಿತ್ತು.

ಪಟ್ಟು ಗುಣಾಕಾರದ ಪದ. ಅದರ ಜೊತೆಗಾರ ‘ಮಡಿ’: ಇಮ್ಮಡಿ, ಮುಮ್ಮಡಿ, ನೂರ್ಮಡಿ. ‘ಮಡಿಸು’ ಎಂಬಲ್ಲಿರುವುದೂ ಇದೇ ಮಡಿ. ಬಟ್ಟೆಯನ್ನು ಒಮ್ಮೆ ಮಡಿಸಿದರೆ ಎರಡು ಪದರವಾಗುತ್ತದೆ, ಅದು ಇಮ್ಮಡಿ. ಎಣಿಕೆಗೆ ಬರುವುದು ಪದರಗಳು, ಎಷ್ಟು ಸಲ ಮಡಿಸಿದೆವು ಎಂಬುದಲ್ಲ. ಮೊದಲೇ ಇದ್ದ ಪದರವೂ ಆ ಎರಡರಲ್ಲಿ ಸೇರಿದೆ. (ಇಮ್ಮಡಿ ಪುಲಿಕೇಶಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಎನ್ನುವಾಗ ಇವೇ ಪದಗಳು ಎರಡನೆಯ, ಮೂರನೆಯ ಎಂಬ ಕ್ರಮವನ್ನು ಸೂಚಿಸುತ್ತವೆ, ಆ ಬಳಕೆ ಬೇರೆ.) ಹೀಗಾಗಿ ‘10ರ ಮೂರು ಪಟ್ಟು’ ಎಂದರೆ 30. ಇದರಲ್ಲಿ ಮೂಲದ 10 ಅಡಗಿದೆ, ಮತ್ತೆ ಸೇರಿಸಬೇಕಿಲ್ಲ.

ತೊಡಕು ಶುರುವಾಗುವುದು ಇದರ ಬೆನ್ನಿಗೆ ‘ಹೆಚ್ಚು’ ಎಂದು ಅಂಟಿಸಿದಾಗ. ‘10ಕ್ಕಿಂತ ಮೂರು ಪಟ್ಟು ಹೆಚ್ಚು’ ಎಂದರೆ 30 ಎನ್ನುವವರೇ ಬಹಳ. ಆದರೆ ‘10ಕ್ಕಿಂತ ಶೇ 300ರಷ್ಟು ಹೆಚ್ಚು’ ಎಂದರೆ 40. ಇದರಲ್ಲಿ ಯಾರಿಗೂ ತಕರಾರಿಲ್ಲ. ಶೇ 300 ಎಂದರೂ ಮೂರು ಪಟ್ಟು ಎಂದರೂ ಒಂದೇ ಆಗಿರುವಾಗ ಉತ್ತರ ಮಾತ್ರ ಎರಡಾಗುತ್ತಿದೆ. ಇನ್ನೊಂದು ರೀತಿಯಲ್ಲೂ ಪರೀಕ್ಷಿಸಿ ನೋಡಿ. ‘ಒಂದು ಪಟ್ಟು ಹೆಚ್ಚು’ ಎಂದರೆ 20 ಎನ್ನಲೇಬೇಕು, 10 ಎಂದರೆ ಹೆಚ್ಚಾದದ್ದೇನೂ ಇಲ್ಲ. ‘ಎರಡು ಪಟ್ಟು ಹೆಚ್ಚು’ ಎಂದರೂ ಜನ 20 ಎಂದೇ ಹೇಳುತ್ತಾರೆ! ‘ಒಂದೂವರೆ ಪಟ್ಟು ಹೆಚ್ಚು’ ಎಂದಾಗಲಂತೂ 15 ಎಂದು ಓದಬೇಕೋ 25 ಎಂದೋ ತಿಳಿಯದು. ಇಂಥ ವಾಕ್ಯವನ್ನು ಪರೀಕ್ಷೆಯಲ್ಲಿ ಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ‘ಹೆಚ್ಚು’ ಎಂಬುದನ್ನು ತೆಗೆದು ‘ಮೂರು ಪಟ್ಟು’ ಎಂದಷ್ಟೇ ಬರೆದರೆ ಗೊಂದಲವೇ ಇರುವುದಿಲ್ಲ.

‘ಮೂರನೇ ಒಂದು ಭಾಗದಷ್ಟು ಇಳಿಯಿತು’, ‘ಮೂರನೇ ಒಂದು ಭಾಗಕ್ಕೆ ಇಳಿಯಿತು’ ಇವೂ ಒಂದೇ ಅಲ್ಲ. 60 ಮೊದಲನೆಯದರಲ್ಲಿ 40 ಆಗುತ್ತದೆ, ಎರಡನೆಯದರಲ್ಲಿ 20. ‘ಅಷ್ಟು’ ಕಳೆದುಹೋದುದನ್ನು ಹೇಳುತ್ತದೆ, ‘ಕ್ಕೆ’ ಉಳಿದುದನ್ನು. ಅರ್ಧದ ವಿಷಯದಲ್ಲಿ ಮಾತ್ರ ಎರಡೂ ಒಂದೇ ಕಡೆ ಬಂದು ನಿಲ್ಲುತ್ತವೆ.

ಇನ್ನು ‘ಗಿಂತ’. ಕನ್ನಡದ ಗುಣವಾಚಕಗಳಿಗೆ ಹೋಲಿಕೆಯ ಬೇರೆ ರೂಪವಿಲ್ಲ. ಆ ಕೆಲಸವನ್ನೆಲ್ಲ ಹೊರುವುದು ಈ ಪುಟ್ಟ ಪ್ರತ್ಯಯ. ವಾಕ್ಯದ ಪದಗಳನ್ನು ಹಿಂದುಮುಂದು ಮಾಡಿದರೂ ಗಿಂತ ಯಾವುದಕ್ಕೆ ಹತ್ತಿದೆಯೋ ಅದೇ ಅಳತೆಯ ಆಧಾರ. 80 ಮೀಟರಿನ ಒಂದು ಹಗ್ಗ, 100 ಮೀಟರಿನ ಇನ್ನೊಂದು. ದೊಡ್ಡದು ಚಿಕ್ಕದಕ್ಕಿಂತ ಶೇ 25ರಷ್ಟು ಉದ್ದ. ಚಿಕ್ಕದು ದೊಡ್ಡದಕ್ಕಿಂತ ಶೇ 20ರಷ್ಟು ಗಿಡ್ಡ. ಅಂತರ ಅದೇ 20 ಮೀಟರು, ಬದಲಾದದ್ದು ಆಧಾರ.

ಇದನ್ನು ಕಲಿಸುವ ಬದಲು ‘ಹೆಚ್ಚು ಎಂದಿದ್ದರೆ ಕೂಡು, ಕಡಿಮೆ ಎಂದಿದ್ದರೆ ಕಳೆ’ ಎಂದು ಬಾಯಿಪಾಠ ಮಾಡಿಸುವ ರೂಢಿ ಇದೆ. ‘ರವಿಯ ಬಳಿ 12 ಗೋಲಿಗಳಿವೆ. ಇದು ಗೀತಾಳ ಬಳಿ ಇರುವುದಕ್ಕಿಂತ 5 ಹೆಚ್ಚು. ಗೀತಾಳ ಬಳಿ ಎಷ್ಟಿವೆ?’ ಎಂದು ಕೇಳಿದರೆ ಆ ಬಾಯಿಪಾಠ 17 ಎನ್ನುತ್ತದೆ. ಗಿಂತ ಹತ್ತಿರುವುದು ಗೀತಾಳ ಗೋಲಿಗಳಿಗೆ. ಅವಳದಕ್ಕೆ 5 ಸೇರಿದರೆ ರವಿಯ 12. ಆದ್ದರಿಂದ ಅವಳ ಬಳಿ ಇರುವುದು 7. ಲೂಯಿಸ್ ಮತ್ತು ಮೇಯರ್ ಎಂಬ ಸಂಶೋಧಕರು 1987ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ತಿರುವುಮುರುವು ವಾಕ್ಯಗಳನ್ನು ಕುರಿತದ್ದೇ. ಅವರು ಪರೀಕ್ಷಿಸಿದ್ದು ಕಾಲೇಜು ವಿದ್ಯಾರ್ಥಿಗಳನ್ನು. ಅವರೂ ಕೂಡಬೇಕಾದ ಕಡೆ ಕಳೆದು, ಕಳೆಯಬೇಕಾದ ಕಡೆ ಕೂಡಿ ತಪ್ಪುತ್ತಿದ್ದರು.

ಬೀಜಗಣಿತಕ್ಕೆ ಬಂದರೂ ಈ ಎಡವಟ್ಟು ಬಿಡುವುದಿಲ್ಲ. ‘ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ; ಸಮೀಕರಣ ಬರೆಯಿರಿ’ ಎಂಬ ಪ್ರಶ್ನೆಯನ್ನು 1980ರ ಸುಮಾರಿಗೆ ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು 6ವಿ = ಪ್ರಾ. ‘ಆರು ವಿದ್ಯಾರ್ಥಿಗಳಿಗೆ ಒಬ್ಬ ಪ್ರಾಧ್ಯಾಪಕ’ ಎಂಬ ಚಿತ್ರವನ್ನೇ ಅವರು ಅಕ್ಷರಕ್ಕೆ ಇಳಿಸಿದ್ದರು. ಆದರೆ ‘ವಿ’ ಎಂದರೆ ಒಬ್ಬ ವಿದ್ಯಾರ್ಥಿಯಲ್ಲ, ವಿದ್ಯಾರ್ಥಿಗಳ ಸಂಖ್ಯೆ. ಪ್ರಾಧ್ಯಾಪಕರು 10 ಮಂದಿ ಇದ್ದರೆ ವಿದ್ಯಾರ್ಥಿಗಳು 60; ಆರರಿಂದ ಗುಣಿಸಬೇಕಾದದ್ದು ಚಿಕ್ಕ ಸಂಖ್ಯೆಯನ್ನು, ಆಗ ವಿ = 6ಪ್ರಾ.