ಒಂದೇ ಅರ್ಜಿ, ನಾಲ್ಕು ಹೆಸರು

ಅಮೆರಿಕದ 14 ನಗರಗಳ 316 ವಕೀಲಿ ಕಚೇರಿಗಳಿಗೆ ಬೇಸಿಗೆ ರಜೆಯ ತರಬೇತಿ ಕೆಲಸ ಕೇಳಿ, ಸಂಶೋಧಕರೇ ಕಲ್ಪಿಸಿದ ಅಭ್ಯರ್ಥಿಗಳ ಹೆಸರಿನಲ್ಲಿ, ತಲಾ ಒಂದು ಅರ್ಜಿ ಹೋಯಿತು. ಎಲ್ಲ ಅರ್ಜಿಗಳಲ್ಲೂ ಓದು, ಅಂಕ, ಅನುಭವ ಒಂದೇ. ವ್ಯತ್ಯಾಸವಿದ್ದದ್ದು ಹೆಸರಿನಲ್ಲಿ ಮತ್ತು ನಾಲ್ಕೈದು ಸಣ್ಣ ಸಾಲುಗಳಲ್ಲಿ. ಜೇಮ್ಸ್ ಕ್ಯಾಬಟ್‌ನ ಹವ್ಯಾಸ ಹಾಯಿದೋಣಿ, ಪೋಲೊ, ಶಾಸ್ತ್ರೀಯ ಸಂಗೀತ. ಜೇಮ್ಸ್ ಕ್ಲಾರ್ಕ್‌ನದು ಓಟ, ಬಯಲಿನಲ್ಲಿ ಆಡುವ ಫುಟ್‌ಬಾಲ್, ಕಂಟ್ರಿ ಸಂಗೀತ. ಅವನಿಗೆ ಬಂದ ಕ್ರೀಡಾ ಪ್ರಶಸ್ತಿ ಆರ್ಥಿಕ ನೆರವು ಪಡೆದು ಓದುವವರಿಗೆ ಮೀಸಲಾದದ್ದು. ಇವೇ ಎರಡು ಅರ್ಜಿಗಳು ಜೂಲಿಯಾ ಎಂಬ ಹೆಸರಿನಲ್ಲೂ ಹೋದವು. ಒಂದೊಂದು ಹೆಸರಿನಲ್ಲಿ ಹೋದದ್ದು ಸುಮಾರು 79 ಅರ್ಜಿ.

ಸಂದರ್ಶನಕ್ಕೆ ಬಂದ ಕರೆಗಳು ಒಟ್ಟು 22. ಅದರಲ್ಲಿ 13 ಜೇಮ್ಸ್ ಕ್ಯಾಬಟ್‌ಗೆ, 5 ಜೂಲಿಯಾ ಕ್ಲಾರ್ಕ್‌ಗೆ, 3 ಜೂಲಿಯಾ ಕ್ಯಾಬಟ್‌ಗೆ, 1 ಜೇಮ್ಸ್ ಕ್ಲಾರ್ಕ್‌ಗೆ. ಲಾರೆನ್ ರಿವೆರಾ ಮತ್ತು ಆಂಡ್ರಾಶ್ ಟಿಲ್ಚಿಕ್ 2016ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಸಿರಿವಂತಿಕೆಗೆ ಇಷ್ಟು, ಗಂಡಸುತನಕ್ಕೆ ಇಷ್ಟು ಎಂದು ಅಂಕ ಕೊಟ್ಟು ಕೂಡಿಸಿದರೆ ಈ ಲೆಕ್ಕ ತಾಳೆಯಾಗುವುದಿಲ್ಲ. 3 ಮತ್ತು 5ರ ನಡುವಿನ ಅಂತರ ಬರೀ ಆಕಸ್ಮಿಕವಾಗಿರಬಹುದು, ಅದಕ್ಕೆ ಹೆಚ್ಚು ಬೆಲೆ ಕೊಡಬಾರದು. ಗಟ್ಟಿಯಾಗಿ ನಿಲ್ಲುವ ಸಂಗತಿ ಬೇರೆ: ಗಂಡಸನ್ನು ಶೇ 1ರಿಂದ ಶೇ 16ಕ್ಕೆ ಎತ್ತಿದ ಅದೇ ಸಾಲುಗಳು ಹೆಂಗಸಿನ ಕೈ ಹಿಡಿಯಲಿಲ್ಲ. ಕಾರಣ ಹುಡುಕಲು ಸಂಶೋಧಕರು ವಕೀಲರನ್ನೇ ಕೇಳಿದರು. ಸಿರಿವಂತ ಮನೆಯ ಹೆಣ್ಣು ವೃತ್ತಿಗೆ ಪೂರ್ತಿ ಒಪ್ಪಿಸಿಕೊಳ್ಳುವುದಿಲ್ಲ, ಸಂಸಾರಕ್ಕಾಗಿ ಕೆಲಸ ಬಿಟ್ಟು ಹೋದಾಳು ಎಂಬ ಶಂಕೆ ಅವರ ಉತ್ತರಗಳಲ್ಲಿತ್ತು. ಹಣ ಗಂಡಸಿನ ಪರವಾಗಿ ಸಾಕ್ಷಿ ಹೇಳಿದರೆ ಹೆಂಗಸಿನ ವಿರುದ್ಧ ಹೇಳಿತು.

ಎರಡು ಗುರುತುಗಳು ಕೂಡಿದಾಗ ಮೂರನೆಯದೇ ಒಂದು ಸ್ಥಿತಿ ಹುಟ್ಟುತ್ತದೆ ಎಂಬುದನ್ನು ಕಾನೂನು ಬಹುಕಾಲ ಒಪ್ಪಿರಲಿಲ್ಲ. ಜನರಲ್ ಮೋಟರ್ಸ್ ಕಂಪನಿಯ ಮೇಲೆ ಐವರು ಕಪ್ಪುವರ್ಣೀಯ ಮಹಿಳೆಯರು ಹೂಡಿದ್ದ ದಾವೆ 1976ರಲ್ಲಿ ಮಿಸೌರಿಯ ಫೆಡರಲ್ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. 1964ಕ್ಕೆ ಮುಂಚೆ ಆ ಘಟಕ ಕಪ್ಪು ಹೆಂಗಸರನ್ನು ಹೆಚ್ಚುಕಡಿಮೆ ಸೇರಿಸಿಕೊಂಡೇ ಇರಲಿಲ್ಲ. ಮಂದಗತಿಯ ಕಾಲದಲ್ಲಿ ‘ಕೊನೆಗೆ ಬಂದವರು ಮೊದಲು ಹೊರಗೆ’ ಎಂಬ ನಿಯಮ ಜಾರಿಯಾದಾಗ ಕೆಲಸ ಕಳೆದುಕೊಂಡವರು ಅವರೇ. ಕಂಪನಿಯಲ್ಲಿ ಮಹಿಳೆಯರಿದ್ದರು, ಆದರೆ ಅವರು ಬಿಳಿಯರು. ಕಪ್ಪುವರ್ಣೀಯರೂ ಇದ್ದರು, ಅವರು ಗಂಡಸರು. ಮಹಿಳೆಯರ ಲೆಕ್ಕದಲ್ಲೂ ಕಪ್ಪುವರ್ಣೀಯರ ಲೆಕ್ಕದಲ್ಲೂ ಜನ ಇದ್ದುದರಿಂದ, ಎರಡನ್ನೂ ಬೆರೆಸಿದ ಹೊಸ ದೂರನ್ನು ಪರಿಗಣಿಸಲು ನ್ಯಾಯಾಲಯ ನಿರಾಕರಿಸಿತು. ಈ ತೀರ್ಪನ್ನು ಮುಂದಿಟ್ಟುಕೊಂಡೇ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಷಾ 1989ರಲ್ಲಿ ‘ಇಂಟರ್‌ಸೆಕ್ಷನಾಲಿಟಿ’ ಎಂಬ ಪದ ತಂದರು. ನಾಲ್ಕೂ ಕಡೆಯಿಂದ ವಾಹನ ನುಗ್ಗುವ ಕೂಡುರಸ್ತೆಯ ಚಿತ್ರ ಅದರಲ್ಲಿದೆ.

ಇಂಥ ತಾರತಮ್ಯವನ್ನು ಅಳೆಯಲು ಅರ್ಜಿ ಪ್ರಯೋಗಕ್ಕಿಂತ ನೇರವಾದ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅದನ್ನು ಮಾಡಿದ ಕ್ರಮ ನೋಡಿ. ಮ್ಯಾಸಚೂಸೆಟ್ಸ್‌ನಲ್ಲಿ 1974–79ರಲ್ಲಿ ಹುಟ್ಟಿದವರ ಜನನ ದಾಖಲೆಗಳಿಂದ ಬಿಳಿಯರಲ್ಲೇ ಹೆಚ್ಚಾಗಿರುವ ಹೆಸರುಗಳನ್ನೂ ಕಪ್ಪುವರ್ಣೀಯರಲ್ಲೇ ಹೆಚ್ಚಾಗಿರುವ ಹೆಸರುಗಳನ್ನೂ ಆರಿಸಿದರು. ಬಾಸ್ಟನ್ ಮತ್ತು ಶಿಕಾಗೊದ ಒಂದೊಂದು ಜಾಹೀರಾತಿಗೂ ಸಾಮಾನ್ಯವಾಗಿ ನಾಲ್ಕು ಅರ್ಜಿ: ಎರಡು ಉತ್ತಮ, ಎರಡು ಸಾಧಾರಣ. ಯಾವುದಕ್ಕೆ ಯಾವ ಹೆಸರು ಎಂಬುದು ಚೀಟಿ ಎತ್ತಿದಂತೆ. ಹೀಗೆ ಹೋದ 4,870 ಅರ್ಜಿಗಳಲ್ಲಿ ಎಮಿಲಿ, ಗ್ರೆಗ್‌ರಂಥ ಹೆಸರುಗಳಿಗೆ ಶೇ 9.65, ಲಕೀಶಾ, ಜಮಾಲ್‌ರಂಥ ಹೆಸರುಗಳಿಗೆ ಶೇ 6.45 ಕರೆ ಬಂತು. ನನ್ನನ್ನು ಹೆಚ್ಚು ಕಾಡುವುದು ಅದರ ಮುಂದಿನ ಸಾಲು. ಅರ್ಜಿಯ ಗುಣಮಟ್ಟ ಏರಿಸಿದಾಗ ಬಿಳಿಯರ ಕರೆ ಶೇ 8.5ರಿಂದ 10.8ಕ್ಕೆ ಏರಿತು, ಕಪ್ಪು ಹೆಸರುಗಳದು ಶೇ 6.2ರಿಂದ 6.7ಕ್ಕೆ ಮಾತ್ರ. ‘ಇನ್ನಷ್ಟು ಓದಿ, ಇನ್ನಷ್ಟು ಕಲಿಯಿರಿ’ ಎಂಬ ಸಲಹೆಯ ಫಲವೂ ಎಲ್ಲರಿಗೆ ಸಮನಾಗಿ ಸಿಗಲಿಲ್ಲ.

ಕಾಗದದ ಬದಲು ಮನುಷ್ಯರನ್ನೇ ಕಳಿಸಿದವರು ಡೆವಾ ಪೇಜರ್. ಮಿಲ್ವಾಕಿಯಲ್ಲಿ 2001ರಲ್ಲಿ ಇಬ್ಬರು ಬಿಳಿಯರು, ಇಬ್ಬರು ಕಪ್ಪು ಯುವಕರು 350 ಉದ್ಯೋಗದಾತರ ಬಳಿ ಹೋದರು. ಬಿಳಿಯರದೊಂದು ಜೋಡಿ, ಕಪ್ಪು ಯುವಕರದೊಂದು; ಪ್ರತಿ ಜೋಡಿಯಲ್ಲಿ ಒಬ್ಬ, ಸರದಿಯಂತೆ, ತಾನು ಜೈಲಿಗೆ ಹೋಗಿದ್ದೆ ಎಂದು ಬರೆದುಕೊಡುತ್ತಿದ್ದ. ಜೈಲು ಕಂಡ ಬಿಳಿಯನಿಗೆ ಶೇ 17 ಕರೆ ಬಂತು. ಯಾವ ಅಪರಾಧವೂ ಇಲ್ಲದ ಕಪ್ಪು ಯುವಕನಿಗೆ ಶೇ 14.

ಈ ಪ್ರಯೋಗಗಳು ದಾರಿ ತಪ್ಪುವುದೂ ಉಂಟು. ಮೊದಲನೆಯದು ಸಂಖ್ಯೆಯ ತೊಡಕು. ಶೇ 6.45 ಮತ್ತು 9.65ರ ಅಂತರ ಕಾಕತಾಳೀಯವಲ್ಲ ಎಂದು ಸಾಮಾನ್ಯ ಮಾನದಂಡದಲ್ಲಿ ಹೇಳಲು ಒಂದೊಂದು ಗುಂಪಿಗೂ ಸುಮಾರು 1,100 ಅರ್ಜಿ ಬೇಕು. ಜನಾಂಗದ ಜೊತೆ ಲಿಂಗವನ್ನೂ ಸೇರಿಸಿದರೆ ಕೋಷ್ಟಕದ ಮನೆ ನಾಲ್ಕು, ವರ್ಗವೂ ಸೇರಿದರೆ ಎಂಟು. ಎರಡನೆಯದು ಹೆಸರಿನದೇ ತೊಡಕು. ಕೆಲವು ಕಪ್ಪು ಹೆಸರುಗಳು ಬಡ ಮನೆಯ ಸೂಚನೆಯನ್ನೂ ಹೊತ್ತು ಬರುತ್ತವೆ. ಆಗ ಅಳತೆಗೆ ಸಿಕ್ಕಿದ್ದು ಬಣ್ಣವೋ ಬಡತನವೋ? ಮೂರನೆಯದನ್ನು ಎತ್ತಿದವರು ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್. ಅರ್ಜಿಗಳೆಲ್ಲ ಒಂದೇ ಮಟ್ಟದವಾಗಿದ್ದರೆ, ಯಾವ ಗುಂಪಿನಲ್ಲಿ ಏರಿಳಿತ ಹೆಚ್ಚು ಎಂದು ಉದ್ಯೋಗದಾತ ಊಹಿಸುತ್ತಾನೆ ಎಂಬುದರಿಂದಲೇ ಕರೆಗಳ ಸಂಖ್ಯೆ ಬದಲಾಗಬಹುದು, ಪೂರ್ವಗ್ರಹ ಇಲ್ಲದಿದ್ದರೂ. ಆದ್ದರಿಂದ ಅರ್ಜಿಗಳ ಮಟ್ಟವನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿ ಕಳಿಸಬೇಕು.

ನಮ್ಮಲ್ಲಿ ಜನಾಂಗದ ಜಾಗದಲ್ಲಿ ಜಾತಿ, ಧರ್ಮ ನಿಲ್ಲುತ್ತವೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2005ರ ಅಕ್ಟೋಬರ್‌ನಿಂದ 66 ವಾರ ಪತ್ರಿಕೆಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಮೇಲ್ಜಾತಿಯ ಹಿಂದೂ ಹೆಸರನ್ನು 1 ಎಂದಿಟ್ಟುಕೊಂಡರೆ ಕರೆ ಬರುವ ಸಂಭವದ ಅನುಪಾತ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33.

ಕರ್ನಾಟಕದಲ್ಲಿ ಇದನ್ನು ಮಾಡಹೊರಟರೆ ಮೊದಲ ಹೆಜ್ಜೆಯಲ್ಲೇ ತಡೆ. ಹೆಗಡೆ, ಶೆಟ್ಟಿ, ಗೌಡ ಎಂಬ ಅಡ್ಡಹೆಸರು ಇದ್ದರೆ ಸರಿ. ಆದರೆ ‘ಮಂಜುನಾಥ್ ಎಸ್.’ ಎಂಬ ಹೆಸರಿನಿಂದ ಜಾತಿ ಹೇಗೆ ತಿಳಿದೀತು? ಗುರುತನ್ನು ಬೇರೆಡೆ ಇಡಬೇಕು: ಸಮುದಾಯದ ವಿದ್ಯಾರ್ಥಿನಿಲಯ, ವಿದ್ಯಾರ್ಥಿವೇತನ, ಊರಿನ ವಿಳಾಸ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಎಂದು ಬರೆದೊಡನೆ ಜಾತಿಯ ಜೊತೆಗೆ ಬಡತನವೂ ಓದುವವನ ಕಣ್ಣಿಗೆ ಬೀಳುತ್ತದೆ. ಎರಡನ್ನೂ ಬಿಡಿಸಲು ಅದೇ ಜಾತಿಯ ಉಳ್ಳವರ ಮನೆಯ ಅರ್ಜಿ ಒಂದು, ಮೇಲ್ಜಾತಿಯ ಬಡವರ ಮನೆಯದೊಂದು, ಉಳ್ಳವರದೊಂದು ಬೇಕು. ನಾಲ್ಕನ್ನೂ ಹೆಣ್ಣು ಹೆಸರಿನಲ್ಲಿ ಮತ್ತೆ ಬರೆಯಬೇಕು. ಕೋಷ್ಟಕದಲ್ಲಿ ಎಂಟು ಮನೆ, ಒಂದೊಂದಕ್ಕೆ 1,100ರಂತೆ 8,800 ಅರ್ಜಿ.