ದಾಳ ಮಗುಚಿದ ಕಥೆ: ‘ಬಿಗ್ ಐಸ್, ಸ್ಮಾಲ್ ಮೌತ್’ ಆಟದ ನಾಲ್ಕು ಆವೃತ್ತಿಗಳು

ಜಪಾನಿನ ಅನಿಮೆ ಚಿತ್ರಗಳ ಪಾತ್ರಗಳಿಗೆ ಕಣ್ಣು ದೊಡ್ಡದು, ಬಾಯಿ ಸಣ್ಣದು. ಆ ಚಿತ್ರಶೈಲಿಯ ಮೇಲಿನ ತಮಾಷೆಯನ್ನೇ ಹೆಸರಾಗಿಸಿಕೊಂಡ ‘ಬಿಗ್ ಐಸ್, ಸ್ಮಾಲ್ ಮೌತ್’ ಎಂಬ ರೋಲ್‌ಪ್ಲೇಯಿಂಗ್ ಆಟವು 1997ರಲ್ಲಿ ಕೆನಡಾದಲ್ಲಿ ಪ್ರಕಟವಾಯಿತು. ಮೇಜಿನ ಸುತ್ತ ಕುಳಿತು, ಕಾಗದ, ಪೆನ್ಸಿಲ್ ಮತ್ತು ದಾಳಗಳ ನೆರವಿನಿಂದ ಮಾತಿನಲ್ಲೇ ಕಥೆ ಕಟ್ಟುವ ಆಟವಿದು. ಇದನ್ನು ರೂಪಿಸಿದವರು ಮಾರ್ಕ್ ಸಿ. ಮ್ಯಾಕಿನನ್, ಪ್ರಕಟಿಸಿದ್ದು ಒಂಟಾರಿಯೊದ ಗ್ವೆಲ್ಫ್ ಊರಿನಲ್ಲಿದ್ದ ಅವರದೇ ಸಣ್ಣ ಸಂಸ್ಥೆ ಗಾರ್ಡಿಯನ್ಸ್ ಆಫ್ ಆರ್ಡರ್. ಅಲ್ಲಿಂದೀಚೆಗೆ ನಾಲ್ಕು ಆವೃತ್ತಿಗಳು ಬಂದಿವೆ, ನಡುವೆ ಒಂದು ಕವಲೂ ಒಡೆದಿದೆ. ಯಾವ ಆವೃತ್ತಿ ಮೇಲು ಎಂಬ ವಾದ ಆಟಗಾರರ ನಡುವೆ ಇನ್ನೂ ನಿಂತಿಲ್ಲ. ಈ ವಾದವನ್ನು ಹೆಚ್ಚಿನವರು ಸರಳತೆಯ ಪರ ಮತ್ತು ವಿರೋಧದ ಜಗಳವೆಂದು ತಿಳಿಯುತ್ತಾರೆ. ನನ್ನ ಪ್ರಕಾರ ಅದರ ಬೇರಿರುವುದು ದಾಳವನ್ನು ಓದುವ ಕ್ರಮದಲ್ಲಿ.

ಮೊದಲು ಬದಲಾಗದೆ ಉಳಿದದ್ದನ್ನು ಹೇಳಿಬಿಡಬೇಕು. ಈ ಆಟದಲ್ಲಿ ಪ್ರತಿ ಪಾತ್ರಕ್ಕೂ ದೇಹ, ಮನಸ್ಸು, ಆತ್ಮ ಎಂಬ ಮೂರು ಮೂಲ ಅಂಕಿಗಳಿರುತ್ತವೆ. ಇದರ ನಿಯಮವ್ಯವಸ್ಥೆಗೆ ‘ಟ್ರೈ-ಸ್ಟ್ಯಾಟ್’ ಎಂಬ ಹೆಸರು ಬಂದದ್ದು ಇದರಿಂದಲೇ. ದೇಹ ಮತ್ತು ಆತ್ಮದ ಅಂಕಿಗಳನ್ನು ಕೂಡಿಸಿ ಐದರಿಂದ ಗುಣಿಸಿದರೆ ಪಾತ್ರದ ಆರೋಗ್ಯದ ಅಂಕ ಸಿಗುತ್ತದೆ, ಮನಸ್ಸು ಮತ್ತು ಆತ್ಮವನ್ನು ಕೂಡಿಸಿ ಐದರಿಂದ ಗುಣಿಸಿದರೆ ಶಕ್ತಿಯ ಅಂಕ, ಮೂರರ ಸರಾಸರಿಯೇ ಕಾದಾಟದ ಅಂಕ. ಮಿಕ್ಕ ಸಾಮರ್ಥ್ಯಗಳನ್ನು, ಅದು ದೈತ್ಯ ರೋಬೋಟಿನ ಒಡೆತನವಾಗಲಿ, ಮಾಂತ್ರಿಕ ರೂಪಾಂತರವಾಗಲಿ, ಗೊತ್ತುಪಡಿಸಿದ ಪಾಯಿಂಟುಗಳನ್ನು ಕೊಟ್ಟು ಕೊಳ್ಳಬೇಕು. ಬೆನ್ನುಹತ್ತಿದ ಶತ್ರು, ಬೇಗ ಚಂಚಲವಾಗುವ ಮನಸ್ಸು ಮುಂತಾದ ಲೋಪಗಳನ್ನು ಒಪ್ಪಿಕೊಂಡರೆ ಒಂದಿಷ್ಟು ಪಾಯಿಂಟು ಮರಳಿ ಬರುತ್ತದೆ. ಇದು ಶುದ್ಧ ವ್ಯಾಪಾರ, ಆದರೆ ವಿನೋದದ ವ್ಯಾಪಾರ.

ಮೊದಲ ಆವೃತ್ತಿ ತೆಳ್ಳಗಿನ ಪುಸ್ತಕವಾಗಿತ್ತು, ಮತ್ತು ಅದರ ಬಲವೂ ಅದೇ ಆಗಿತ್ತು. ಎರಡು ದಾಳ ಎಸೆಯಬೇಕು. ಮೊತ್ತವು ತನ್ನ ಅಂಕಿಗೆ ಸಮನಾಗಿದ್ದರೆ ಅಥವಾ ಕಡಿಮೆಯಿದ್ದರೆ ಗೆಲುವು. ಪಗಡೆ, ಚೌಕಾಬಾರ ಆಡಿ ಬೆಳೆದವರಿಗೆ, ದೊಡ್ಡ ಗರ ಬಿದ್ದರೆ ಹಿಗ್ಗುವ ನಮ್ಮಂಥವರಿಗೆ, ಸಣ್ಣ ಗರಕ್ಕೆ ಕುಣಿಯುವ ಈ ಆಟ ಮೊದಲಿಗೆ ತಲೆಕೆಳಗಾಗಿ ಕಂಡೀತು. ಆದರೆ ಇದರಲ್ಲೊಂದು ಅನುಕೂಲವಿದೆ: ದಾಳ ನಿಂತ ಕ್ಷಣವೇ ಆಟಗಾರನಿಗೆ ತನ್ನ ಫಲ ಗೊತ್ತಾಗುತ್ತದೆ, ಆಟ ನಡೆಸಿಕೊಡುವ ಗೇಮ್ ಮಾಸ್ಟರ್‌ನ ಮುಖ ನೋಡಬೇಕಾಗಿಲ್ಲ. ಇದೇ ಚೌಕಟ್ಟಿನ ಮೇಲೆ ಸಂಸ್ಥೆಯು 1998ರಲ್ಲಿ, ಅಧಿಕೃತ ಪರವಾನಗಿ ಪಡೆದು, ‘ಸೈಲರ್ ಮೂನ್’ ಸರಣಿಯ ಆಟವನ್ನು ಹೊರತಂದಿತು. ಮುಂದೆ ‘ತೆಂಚಿ ಮುಯೊ’ ಮುಂತಾದ ಸರಣಿಗಳ ಸರದಿಯೂ ಬಂತು.

2000ದಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಆಟಗಳ ವಿನ್ಯಾಸಕ ಡೇವಿಡ್ ಪುಲ್ವರ್ ಅವರ ಕೈಯೂ ಸೇರಿತ್ತು. ಕೌಶಲಗಳ ವಿಸ್ತಾರವಾದ ವ್ಯವಸ್ಥೆ ಗಟ್ಟಿಗೊಂಡದ್ದು ಇದರಲ್ಲಿ. ನನ್ನ ಮಟ್ಟಿಗೆ ಇಡೀ ಆಟದ ಅತ್ಯಂತ ಜಾಣ ಕಲ್ಪನೆಯೂ ಇಲ್ಲೇ ಇದೆ: ಒಂದು ಕೌಶಲದ ಬೆಲೆ ಸ್ಥಿರವಲ್ಲ, ಅದು ಕಥೆಯ ಬಗೆಯನ್ನು ಅನುಸರಿಸಿ ಏರಿಳಿಯುತ್ತದೆ. ಶಾಲೆಯ ಪ್ರೇಮಪ್ರಸಂಗದಲ್ಲಿ ಹೆಚ್ಚು ಕೆಲಸಕ್ಕೆ ಬರುವ ವಿದ್ಯೆ ಅಲ್ಲಿ ದುಬಾರಿ, ಬಾಹ್ಯಾಕಾಶದ ಯುದ್ಧಕಥೆಯಲ್ಲಿ ಅದೇ ಅಗ್ಗ. ಬೆಲೆಪಟ್ಟಿಯನ್ನು ನೋಡಿದರೇ ಇದು ಎಂಥ ಕಥೆ ಎಂದು ಹೇಳಬಹುದಿತ್ತು.

ಆದರೆ ಕಾದಾಟದ ಲೆಕ್ಕದಲ್ಲಿ ಒಂದು ತೊಡಕು ಅಡಗಿತ್ತು. ಆಕ್ರಮಣ ಮಾಡುವವನು ತನ್ನ ಆಕ್ರಮಣದ ಅಂಕಿಗೆ ಸಮನಾಗಿ ಅಥವಾ ಅದಕ್ಕಿಂತ ಕೆಳಗೆ ದಾಳ ಬೀಳಿಸಬೇಕು, ತಪ್ಪಿಸಿಕೊಳ್ಳುವವನು ತನ್ನ ರಕ್ಷಣೆಯ ಅಂಕಿಗೆ ಸಮನಾಗಿ ಅಥವಾ ಅದಕ್ಕಿಂತ ಕೆಳಗೆ. ಒಬ್ಬನ ಕೌಶಲ ಇನ್ನೊಬ್ಬನ ದಾಳವನ್ನು ಮುಟ್ಟುವುದೇ ಇಲ್ಲ. ರಕ್ಷಣೆಯ ಅಂಕಿ ಆಕ್ರಮಣದ ಅಂಕಿಗಿಂತ ಎರಡು ಕಡಿಮೆ ಎಂಬ ಮೂಲ ನಿಯಮವನ್ನು ಹಿಡಿದು ಲೆಕ್ಕ ಹಾಕೋಣ. ಆಕ್ರಮಣದಲ್ಲಿ 6, ರಕ್ಷಣೆಯಲ್ಲಿ 4 ಇರುವ ಇಬ್ಬರು ಸಾಧಾರಣರು ಕಾದಾಡಿದರೆ, ಒಂದು ಏಟು ನಾಟುವ ಸಂಭವ ಶೇ. 35ರ ಆಸುಪಾಸು. 10 ಮತ್ತು 8 ಇರುವ ಇಬ್ಬರು ನಿಪುಣರ ನಡುವೆ ಅದು ಶೇ. 25ಕ್ಕೆ ಇಳಿಯುತ್ತದೆ. 12 ಮತ್ತು 10 ಇರುವ ಮಹಾವೀರರ ನಡುವೆ ಸುಮಾರು ಶೇ. 8 ಮಾತ್ರ. ಅಂದರೆ ವೀರರು ದೊಡ್ಡವರಾದಷ್ಟೂ ಯುದ್ಧ ಮಂದವಾಗುತ್ತದೆ. ಅನಿಮೆಯ ಕೊನೆಯ ಕಾಳಗ ಭೀಕರವಾಗಬೇಕಾದ ಹೊತ್ತಿನಲ್ಲಿ ಮೇಜಿನ ಮೇಲೆ ‘ಹೊಡೆದ, ತಪ್ಪಿಸಿಕೊಂಡ, ಹೊಡೆದ, ತಪ್ಪಿಸಿಕೊಂಡ’ ಎಂಬ ರಾಗವೇ ಸುತ್ತು ಸುತ್ತಿಗೂ ಕೇಳಿಸುತ್ತದೆ.

ಈ ತೊಡಕನ್ನು ಬಿಡಿಸುವ ಮೊದಲೇ ಮಾರುಕಟ್ಟೆ ಬೇರೆ ದಿಕ್ಕಿಗೆ ಎಳೆಯಿತು. 2000ದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ಮೂರನೆಯ ಆವೃತ್ತಿಯೊಂದಿಗೆ ಇಪ್ಪತ್ತು ಮುಖದ ದಾಳವನ್ನು ಆಧರಿಸಿದ ಅದರ ಡಿ20 ನಿಯಮಗಳನ್ನು ಯಾರು ಬೇಕಾದರೂ ಬಳಸಲು ಅವಕಾಶ ಸಿಕ್ಕಿತು. ಹತ್ತಾರು ಸಣ್ಣ ಪ್ರಕಾಶಕರಂತೆ ಗಾರ್ಡಿಯನ್ಸ್ ಆಫ್ ಆರ್ಡರ್ ಕೂಡ 2003ರಲ್ಲಿ ತನ್ನ ಆಟದ ಡಿ20 ರೂಪವನ್ನು ಪ್ರಕಟಿಸಿತು. ಮಾಂತ್ರಿಕ ಬಾಲಕಿ, ಯಂತ್ರದೈತ್ಯದ ಚಾಲಕ, ಸಾಕುಭೂತಗಳ ತರಬೇತುದಾರ ಎಲ್ಲರೂ ಅಲ್ಲಿ ‘ಕ್ಲಾಸ್’ಗಳಾದರು, ಅಂದರೆ ಪಾತ್ರದ ಸಿದ್ಧ ಅಚ್ಚುಗಳಾದರು, ಬಲ ಹೆಚ್ಚಿಸಿಕೊಳ್ಳಲು ಮೆಟ್ಟಿಲು ಮೆಟ್ಟಿಲಾಗಿ ಲೆವೆಲ್ ಹತ್ತಬೇಕಾಯಿತು. ಪುಸ್ತಕವನ್ನು ಶ್ರದ್ಧೆಯಿಂದಲೇ ಬರೆದಿದ್ದರು. ಆದರೂ ಮೊದಲ ಕಂತಿನಲ್ಲೇ ಶಾಲಾಬಾಲಕ ದೈತ್ಯ ರೋಬೋಟನ್ನು ಓಡಿಸುವ ಕಥಾಪ್ರಕಾರಕ್ಕೆ ಲೆವೆಲ್ಲಿನ ಏಣಿ ಹೊಂದುವುದು ಕಷ್ಟ. ಇದರ ಜೊತೆಜೊತೆಗೇ ಮೂಲ ವ್ಯವಸ್ಥೆಯನ್ನು ಎಲ್ಲ ಬಗೆಯ ಕಥೆಗಳಿಗೂ ಹಿಗ್ಗಿಸುವ, ದಾಳದ ಗಾತ್ರವನ್ನೇ ಬದಲಿಸಿಕೊಳ್ಳಬಹುದಾದ ‘ಟ್ರೈ-ಸ್ಟ್ಯಾಟ್ ಡಿಎಕ್ಸ್’ ಕೂಡ ಬಂತು.

ಸಂಸ್ಥೆ 2005ರಲ್ಲಿ ‘ಎ ಗೇಮ್ ಆಫ್ ಥ್ರೋನ್ಸ್’ ಆಧರಿಸಿದ ಭಾರಿ ಗ್ರಂಥವೊಂದನ್ನು ತಂದು, ಮರುವರ್ಷ ಬಾಗಿಲು ಹಾಕಿತು. ಮೂರನೆಯ ಆವೃತ್ತಿಯು 2007ರಲ್ಲಿ ವೈಟ್ ವುಲ್ಫ್ ಪ್ರಕಾಶನ ಬಳಗದ ಆರ್ಟ್‌ಹೌಸ್ ಹೆಸರಿನಲ್ಲಿ ಹೊರಬಂತು. ದಾಳ ಮಗುಚಿದ್ದು ಇಲ್ಲಿ. ಈಗ ಎರಡು ದಾಳಗಳ ಮೊತ್ತಕ್ಕೆ ತನ್ನ ಅಂಕಿಯನ್ನು ಕೂಡಿಸಿ, ಎದುರಾಳಿಯ ಮೊತ್ತವನ್ನೋ ಗೇಮ್ ಮಾಸ್ಟರ್ ಗೊತ್ತುಮಾಡಿದ ಗುರಿಯನ್ನೋ ದಾಟಬೇಕು. ಸಮಬಲರು ಎಷ್ಟೇ ದೊಡ್ಡವರಾಗಿರಲಿ, ಏಟು ನಾಟುವ ಸಂಭವ ಹೆಚ್ಚುಕಡಿಮೆ ಅರ್ಧಕ್ಕರ್ಧವಾಗಿಯೇ ಉಳಿಯುತ್ತದೆ. ಲೆಕ್ಕಕ್ಕೆ ಬರುವುದು ಇಬ್ಬರ ನಡುವಿನ ಅಂತರ ಮಾತ್ರ. ಹಳೆಯ ರೋಗಕ್ಕೆ ಇದು ಸರಿಯಾದ ಮದ್ದು. ಆದರೆ ಅದಕ್ಕೆ ತೆತ್ತ ಬೆಲೆಯೂ ಇದೆ: ಪ್ರತಿ ಸಣ್ಣ ಪ್ರಯತ್ನಕ್ಕೂ ಗುರಿಯ ಸಂಖ್ಯೆಯೊಂದನ್ನು ಯಾರಾದರೂ ಹೇಳಬೇಕು. ಎರಡನೆಯ ಆವೃತ್ತಿಯನ್ನು ಬಿಡಲೊಲ್ಲದವರು ಕಳೆದುಕೊಂಡೆವೆನ್ನುವುದು ದಾಳ ನಿಂತೊಡನೆ ತಾವೇ ಫಲ ಓದಿಕೊಳ್ಳುತ್ತಿದ್ದ ಆ ಸ್ವಾತಂತ್ರ್ಯವನ್ನು.

ಆಮೇಲೆ ದೀರ್ಘ ಮೌನ. ಮ್ಯಾಕಿನನ್ ತಮ್ಮ ಹೊಸ ಸಂಸ್ಥೆ ಡಿಸ್ಕಾಮಿ ಪಬ್ಲಿಷಿಂಗ್ ಮೂಲಕ, ಕಿಕ್‌ಸ್ಟಾರ್ಟರ್‌ನಲ್ಲಿ ಓದುಗರಿಂದಲೇ ಹಣ ಕೂಡಿಸಿ, ನಾಲ್ಕನೆಯ ಆವೃತ್ತಿಯನ್ನು ತಂದದ್ದು 2020ರಲ್ಲಿ. ಇದೂ ದೊಡ್ಡ ಗರದ ಪಕ್ಷವೇ. ಹೊಸದಾಗಿ ಸೇರಿದ ಮುಖ್ಯ ನಿಯಮವೆಂದರೆ, ಸನ್ನಿವೇಶ ಅನುಕೂಲವಾಗಿದ್ದರೆ ಮೂರು ದಾಳ ಎಸೆದು ಅತಿ ದೊಡ್ಡ ಎರಡನ್ನು ಇಟ್ಟುಕೊಳ್ಳುವುದು, ಬಹಳ ಅನುಕೂಲವಿದ್ದರೆ ನಾಲ್ಕು ಎಸೆದು ಎರಡನ್ನು ಆರಿಸುವುದು. ಪ್ರತಿಕೂಲವಾದಾಗ ಅತಿ ಸಣ್ಣ ಎರಡು. ಎರಡು ದಾಳಗಳ ಸರಾಸರಿ 7, ಮೂರರಲ್ಲಿ ಎರಡನ್ನು ಆರಿಸಿದರೆ ಸುಮಾರು 8.5, ನಾಲ್ಕರಲ್ಲಾದರೆ 9.3. ಕೂಡು-ಕಳೆ ಪಟ್ಟಿಗಳನ್ನು ಹುಡುಕುವ ಕೆಲಸವನ್ನು ಕೈಯಲ್ಲಿರುವ ದಾಳವೇ ಮಾಡುತ್ತದೆ, ಆದ್ದರಿಂದ ಮೊದಲ ಪುಸ್ತಕದ ಹಗುರತನ ಒಂದಿಷ್ಟು ಮರಳಿದಂತಾಯಿತು.

ಹಳೆಯ ಪಾತ್ರವನ್ನು ಹೊಸ ಆವೃತ್ತಿಗೆ ತರುವವರು ಸಾಮರ್ಥ್ಯಗಳ ಬೆಲೆಯನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕಾಗುತ್ತದೆ. ದೇಹ 4, ಆತ್ಮ 4 ಎಂದು ಬರೆದ ಹಾಳೆಯಲ್ಲಿ ಆರೋಗ್ಯದ ಅಂಕ ಮಾತ್ರ ಅಂದೂ 40, ಇಂದೂ 40.